ಅಮ್ಮನ ಎಂಬತ್ತಕ್ಕೆ ಎಲ್ಲಿ ಊಟ?

ಅಮ್ಮ ಹುಟ್ಟಿದ್ದು 1945ರ ಮಾರ್ಚ್ 21ಕ್ಕೆ. ಎಂಬತ್ತು ತುಂಬುವ ದಿನ ಯಾವ ವಾರ ಎಂದು ಕ್ಯಾಲೆಂಡರ್ ನೋಡಿದರೆ ಶುಕ್ರವಾರ. ಅದೂ ತಪಸ್ಸುಕಾಲದ ಶುಕ್ರವಾರ. ಸಾಲದ್ದಕ್ಕೆ ಈ ವರ್ಷ ರಂಜಾನ್ ಉಪವಾಸವೂ ಅದೇ ತಿಂಗಳಲ್ಲಿ. ನಾವು ಮೂವರು ಮಕ್ಕಳು: ದೊಡ್ಡಕ್ಕ ಮಂಗಳೂರಿನಲ್ಲಿ, ನಡುವಿನವ ಊರಿನಲ್ಲಿ ಅಮ್ಮನ ಜೊತೆ, ಕಿರಿಯವ ಶಾರ್ಜಾದಲ್ಲಿ. ಕಿರಿಯವನಿಗೆ ರಜೆ ಸಿಕ್ಕಿದ್ದು ಹತ್ತೇ ದಿನ. 26ಕ್ಕೆ ವಾಪಸ್ ವಿಮಾನ.

ಅಮ್ಮನಿಗೆ ಎಪ್ಪತ್ತೈದು ತುಂಬಿದ್ದು 2020ರ ಮಾರ್ಚ್ 21ಕ್ಕೆ. ಮಾರನೆಯ ದಿನ ಜನತಾ ಕರ್ಫ್ಯೂ. ತಲಪಾಡಿ ಗಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿದರು. ಮಂಗಳೂರಿನಿಂದ ದೊಡ್ಡಕ್ಕ ಬರುವಂತಿಲ್ಲ, ಶಾರ್ಜಾದಿಂದ ವಿಮಾನವೇ ಇಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಅಪ್ಪ ತೀರಿಕೊಂಡರು. ಅಂತ್ಯಕ್ರಿಯೆಗೆ ಇಪ್ಪತ್ತು ಜನರಿಗಿಂತ ಹೆಚ್ಚು ಸೇರುವಂತಿರಲಿಲ್ಲ. ಬಂದವರೂ ಒಂದು ಲೋಟ ನೀರು ಕುಡಿಯದೆ ಗೇಟಿನಿಂದಲೇ ಹೋದರು. ಅದರ ಬಗ್ಗೆ ಅಮ್ಮ ಆಮೇಲೆ ಹೆಚ್ಚು ಮಾತಾಡಿದ್ದೂ ಇಲ್ಲ. ನಾವು ಮೂವರೂ ಅಮ್ಮನ ಜೊತೆ ಒಂದೇ ಮೇಜಿಗೆ ಕೂತದ್ದು 2019ರ ಕ್ರಿಸ್ಮಸ್‌ಗೇ ಕೊನೆ. ಹಾಗಾಗಿ ಈ ಸಲ ತಪ್ಪಿಸುವ ಹಾಗಿರಲಿಲ್ಲ.

ಮೊದಲ ಚರ್ಚೆ ಮಾಂಸದ್ದು. ಮೊಮ್ಮಕ್ಕಳಿಗೆ ಕುಳಿಮಂದಿ ಬೇಕು. ಶುಕ್ರವಾರ ಬಿಟ್ಟು ಭಾನುವಾರ, 23ಕ್ಕೆ, ಇಟ್ಟುಕೊಂಡರೆ ಆಯಿತಲ್ಲ ಎಂದು ಕಿರಿಯವ ವಾದಿಸಿದ. ಭಾನುವಾರ ವರ್ಜನೆಯ ದಿನವಲ್ಲ, ಅದು ಸರಿಯೇ. ಧರ್ಮಸಭೆಯ ಕಾನೂನಿನ ಪ್ರಕಾರ ಉಪವಾಸ ಕಡ್ಡಾಯ ಇರುವುದು ಹದಿನೆಂಟು ತುಂಬಿದವರಿಂದ ಐವತ್ತೊಂಬತ್ತು ತುಂಬುವವರೆಗೆ ಮಾತ್ರ ಎಂದೂ ಅವನು ಫೋನಿನಲ್ಲಿ ಓದಿ ಹೇಳಿದ. ಅಮ್ಮ ಅಕ್ಕಿ ಆರಿಸುತ್ತಿದ್ದರು. "ಉಪವಾಸಕ್ಕೆ ನನಗೆ ವಯಸ್ಸಾಯಿತು, ಮಾಂಸ ಬಿಡಲಿಕ್ಕೆ ಎಂತ ವಯಸ್ಸು?" ಎಂದರು. ಮಾತು ಸರಿಯೇ: ಶುಕ್ರವಾರದ ಮಾಂಸವರ್ಜನೆ ಹದಿನಾಲ್ಕು ತುಂಬಿದಲ್ಲಿಂದ ಶುರು, ಮೇಲಿನ ಮಿತಿ ಇಲ್ಲ. ಅಮ್ಮನದಂತೂ ಬೂದಿ ಬುಧವಾರದಿಂದ ಪಾಸ್ಖದವರೆಗೆ ಭಾನುವಾರವೂ ಸೇರಿ ಬರೀ ಮೀನು, ತರಕಾರಿ. ಅದನ್ನು ಯಾವ ಕಾನೂನೂ ಕೇಳುವುದಿಲ್ಲ, ಅಮ್ಮನೇ ಹಾಕಿಕೊಂಡದ್ದು.

ಭಾನುವಾರ, ಮೀನೂಟ ಎಂದು ತೀರ್ಮಾನವಾಯಿತು. ಎಲ್ಲಿ ಎನ್ನುವುದು ಬಾಕಿ.

ವಯಸ್ಸಾದವರನ್ನು ಕರೆದುಕೊಂಡು ಹೋಗುವ ಹೋಟೆಲನ್ನು ಮೊದಲೇ ಹೋಗಿ ನೋಡಬೇಕು ಎಂದು ನಮ್ಮ ಅಭಿಪ್ರಾಯ. ಫೋಟೋದಲ್ಲಿ ಮೆಟ್ಟಿಲು ಕಾಣುವುದಿಲ್ಲ, ಕಕ್ಕಸು ಅಂತೂ ಕಾಣುವುದೇ ಇಲ್ಲ. ಕಾಸರಗೋಡು ಪೇಟೆಯಲ್ಲಿ ನಾವು ಇಷ್ಟಪಡುವ ಹೋಟೆಲು ರಂಜಾನ್ ಆದ್ದರಿಂದ ಹಗಲು ಮುಚ್ಚಿತ್ತು. ಸಂಜೆ ಬನ್ನಿ, ಒಳಗಿನ ಕೋಣೆ ಬಿಟ್ಟುಕೊಡುತ್ತೇವೆ ಎಂದು ಅವರು ಪ್ರೀತಿಯಿಂದಲೇ ಹೇಳಿದರು. ಆದರೆ ಸಂಜೆ ಇಫ್ತಾರ್‌ನ ಗಡಿಬಿಡಿ, ಮತ್ತು ಅಮ್ಮ ಏಳಕ್ಕೆ ಜಪಸರ ಮುಗಿಸಿ ಎಂಟೂವರೆಗೆ ಮಲಗುವವರು. ಆ ವಯಸ್ಸಿನವರಿಗೆ ಮಧ್ಯಾಹ್ನದ ಊಟವೇ ಒಳ್ಳೆಯದು. ರಾತ್ರಿ ತಡವಾಗಿ ತಿಂದರೆ ಮರುದಿನವೆಲ್ಲ ಹೊಟ್ಟೆ ಕೆಡುತ್ತದೆ.

ಎರಡನೆಯದು ಮಂಗಳೂರಿನ ದೊಡ್ಡ ಹೋಟೆಲು, ದೊಡ್ಡಕ್ಕ ಆರಿಸಿದ್ದು. ಲಿಫ್ಟ್ ಇದೆ, ಕಕ್ಕಸು ಚೊಕ್ಕ, ಹಿಡಿದು ಏಳಲು ಕಂಬಿಯೂ ಇದೆ. ಆದರೆ ಬುಫೆ. ಮಂಡಿ ನೋವಿನವರು ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವುದು ಹೇಗೆ? ನಾವು ಬಡಿಸಿ ತಂದುಕೊಟ್ಟರೆ ಅಮ್ಮ ತಿನ್ನುವುದು ನಾವು ಆರಿಸಿದ್ದನ್ನು. ಎತ್ತರದ ಹಾಲು, ಮೇಲೆ ಸಂಗೀತ. ಕಿವಿಯ ಯಂತ್ರ ಹಾಕಿಕೊಂಡವರಿಗೆ ಅಂಥಲ್ಲಿ ಚಮಚದ ಸದ್ದು, ಮಾತು, ಹಾಡು ಎಲ್ಲ ಒಂದೇ ಆಗಿ ಕೇಳುತ್ತದೆ. ಆದರೂ ಮುಂಗಡ ಕೊಡೋಣ ಎಂದೇ ನಾವಿದ್ದೆವು. ಖರ್ಚು ಮೂರು ಪಾಲು.

ಆಗ ಅಮ್ಮ ಹೇಳಿದರು, "ಊಟ ಹಾಕುವುದು ನಾನು. ಹಾಗಾದರೆ ಬರುತ್ತೇನೆ. ಇಲ್ಲದಿದ್ದರೆ ನೀವು ಹೋಗಿ ತಿಂದು ಬನ್ನಿ."

ನಾವು ನಕ್ಕೆವು. ಅಮ್ಮ ನಗಲಿಲ್ಲ. ಕಪಾಟಿನಿಂದ ಒಂದು ಲಕೋಟೆ ತಂದರು. ಐದು ತಿಂಗಳ ಪಿಂಚಣಿ, ತಿಂಗಳಿಗೆ 1600ರಂತೆ 8000. "ಅಪ್ಪನ ಹೆಸರಲ್ಲಿ ಯಾರಿಗೂ ಒಂದು ತುತ್ತು ಅನ್ನ ಹಾಕಲಿಕ್ಕಾಗಲಿಲ್ಲ. ನನಗೆ ಎಂಬತ್ತಾಯಿತೆಂದು ನೀವು ನನಗೆ ಉಣಿಸುವುದೆಂತದು? ಇದರೊಳಗೆ ಆಗುವಲ್ಲಿಗೆ ಹೋಗುವ." ಕಿರಿಯವ ಏನೋ ಹೇಳಲು ಹೊರಟ. ದೊಡ್ಡಕ್ಕ ಅವನ ಕೈ ಹಿಡಿದಳು.

ಅಲ್ಲಿಂದ ಮುಂದೆ ಆಯ್ಕೆ ನಮ್ಮ ಕೈಯಲ್ಲಿರಲಿಲ್ಲ, ಒಂದು ಲೆಕ್ಕದಲ್ಲಿ ಸುಲಭವೂ ಆಯಿತು. ನಾವು ಹದಿಮೂರು ಜನ, 8000 ರೂಪಾಯಿ. ಇನ್ನೊಂದು ಸಂಗತಿ ನಮಗೆ ಆಗಲೇ ಹೊಳೆದದ್ದು: ಊಟ ಹಾಕುವವರು ದರಪಟ್ಟಿ ಓದಬೇಕು. ಅಮ್ಮ ಕನ್ನಡ ಶಾಲೆಯಲ್ಲಿ ಓದಿದವರು. ಅವರಿಗೆ ಹನ್ನೊಂದು ವರ್ಷವಾದಾಗ, 1956ರ ನವೆಂಬರ್ 1ಕ್ಕೆ, ನಮ್ಮ ಊರು ಮದ್ರಾಸ್ ರಾಜ್ಯದಿಂದ ಕೇರಳಕ್ಕೆ ಸೇರಿತು. ಶಾಲೆ ಕನ್ನಡದ್ದಾಗಿಯೇ ಉಳಿಯಿತು. ಪೇಟೆಯ ಬೋರ್ಡುಗಳು ಒಂದೊಂದಾಗಿ ಬದಲಾದವು. ಅಮ್ಮ ಮಲಯಾಳ ಚೆನ್ನಾಗಿ ಮಾತಾಡುತ್ತಾರೆ, ಓದಲಿಕ್ಕೆ ಬರುವುದಿಲ್ಲ. ಇಂಗ್ಲಿಷೂ ಅಷ್ಟೇ. ನಮ್ಮ ಕಡೆಯ ಹೋಟೆಲುಗಳಲ್ಲಿ ಕಾರ್ಡ್ ಇರುವುದು ಈ ಎರಡರಲ್ಲಿ. ಇಷ್ಟು ವರ್ಷ ಎಲ್ಲಿ ಹೋದರೂ ಅಮ್ಮ "ನನಗೆ ನಿಮ್ಮದೇ ಸಾಕು" ಎನ್ನುತ್ತಿದ್ದರು.

ಹಾಗೆ ಸಿಕ್ಕಿದ್ದು ತಲಪಾಡಿ ದಾಟಿದ ಮೇಲಿನ ಒಂದು ಸಣ್ಣ ಮೀನೂಟದ ಹೋಟೆಲು. ಗೋಡೆಯ ಮೇಲೆ ಕನ್ನಡದಲ್ಲಿ ದೊಡ್ಡ ಅಕ್ಷರದ ಬೋರ್ಡು, ಎದುರಿಗೆ ದರ. ಏಸಿ ಇಲ್ಲ, ಫ್ಯಾನು ಮಾತ್ರ. ಬಾಗಿಲಿಗೆ ಎರಡು ಮೆಟ್ಟಿಲು, ಹಿಡಿಯಲು ಏನೂ ಇಲ್ಲ. ನಡುವಿನವ ಒಂದು ಬದಿ, ದೊಡ್ಡ ಮೊಮ್ಮಗ ಇನ್ನೊಂದು ಬದಿ ಎಂದು ನಿಶ್ಚಯಿಸಿದೆವು. ಕೂತು ಬಳಸುವ ಕಮೋಡ್ ಒಂದು ಇತ್ತು. ಮೇಜು ಕಾದಿರಿಸುವ ಪದ್ಧತಿ ಅವರಲ್ಲಿಲ್ಲ, ಆದರೆ ಎಂಬತ್ತರ ವಿಷಯ ಹೇಳಿದ್ದಕ್ಕೆ ಹನ್ನೆರಡಕ್ಕೆ ಸರಿಯಾಗಿ ಬಂದರೆ ಗೋಡೆ ಬದಿಯ ಎರಡು ಮೇಜು ಜೋಡಿಸಿ ಇಡುತ್ತೇನೆ ಎಂದರು ಯಜಮಾನರು. ಗೋಡೆಗೆ ಬೆನ್ನು ಕೊಟ್ಟು ಕೂತರೆ ಕಿವಿ ಮಂದ ಇರುವವರಿಗೆ ಮುಂದಿನವರ ಮಾತು ಕೇಳುತ್ತದೆ. ಒಂದು ಗಂಟೆಯ ಮೇಲೆ ಭಾನುವಾರ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಶುಕ್ರವಾರ ಅಮ್ಮ ಗಂಜಿ ಉಂಡು ಶಿಲುಬೆಯ ಹಾದಿಗೆ ಹೋಗಿ ಬಂದರು. ಭಾನುವಾರ ಬೆಳಗಿನ ಪೂಜೆ ಮುಗಿಸಿ ಎರಡು ಕಾರಿನಲ್ಲಿ ಹೊರಟೆವು. ತಲಪಾಡಿ ದಾಟುವಾಗ ಯಾರೂ ಮಾತಾಡಲಿಲ್ಲ.

ಕೂತ ಮೇಲೆ ಅಮ್ಮ ಕನ್ನಡಕ ಹಾಕಿ ಬೋರ್ಡನ್ನು ಮೇಲಿನಿಂದ ಕೆಳಗೆ ಗಟ್ಟಿಯಾಗಿ ಓದಿದರು, ದರ ಸಮೇತ. ಬಡಿಸುವ ಹುಡುಗನನ್ನು ಕರೆದು ಅಂಜಲ್ ಇವತ್ತಿನದಾ ನಿನ್ನೆಯದಾ ಎಂದು ತುಳುವಿನಲ್ಲಿ ವಿಚಾರಿಸಿದರು. ಅವನು ಒಳಗೆ ಹೋಗಿ ಕೇಳಿ ಬರಬೇಕಾಯಿತು. ಮಕ್ಕಳಿಗೆ ಅಂಜಲ್, ನಡುಮುಳ್ಳು ಬಿಟ್ಟರೆ ಬೇರೆ ಮುಳ್ಳಿಲ್ಲ; ಅಳಿಯನಿಗೆ ಕಾಣೆ; ಉಳಿದವರಿಗೆ ಬಂಗುಡೆ. ಕಟ್ಟಿಸಿದ ಹಲ್ಲಿನಿಂದಾಗಿ ತನಗೆ ಕುಚ್ಚಲಕ್ಕಿ ಅನ್ನ ಸ್ವಲ್ಪ ಮೆತ್ತಗೆ ಇರಲಿ ಎಂದರು. ಕಿರಿಯವ ಇನ್ನೊಂದು ತುಂಡು ಕೇಳಲು ಸಂಕೋಚಪಟ್ಟಾಗ, "ತಿನ್ನು, ದುಡ್ಡಿದೆ" ಎಂದರು.

ಬಿಲ್ಲು ಬಂದ ಮೇಲೆ ಲಕೋಟೆಯಲ್ಲಿ ಇನ್ನೂ ಉಳಿದಿತ್ತು. ಅಮ್ಮ ಎಣಿಸಿ, ಹುಡುಗನನ್ನು ಮತ್ತೆ ಕರೆದರು. ಲಾಕ್‌ಡೌನಿನಲ್ಲಿ ತಿಂಗಳುಗಟ್ಟಲೆ ಅಪ್ಪನ ಮದ್ದು ತಂದುಕೊಟ್ಟ ನಮ್ಮ ನೆರೆಮನೆಯ ಆಟೋದವರು ಉಪವಾಸವಿದ್ದುದರಿಂದ ಊಟಕ್ಕೆ ಬಂದಿರಲಿಲ್ಲ. ಅವರ ಮನೆಯಲ್ಲಿ ಐದು ಜನ. "ಐದು ಊಟ ಕಟ್ಟಿ. ಫ್ರೈ ಬೇಡ, ಸಂಜೆಗೆ ರಬ್ಬರ್ ಆಗುತ್ತದೆ. ಪುಳಿಮುಂಚಿ ಹಾಕಿ, ನಾನು ಬಿಸಿ ಮಾಡಿ ಕಳಿಸುತ್ತೇನೆ."

ಸಂಜೆ ಮಗ್ರಿಬ್ ಬಾಂಗ್ ಆಗುವ ಹತ್ತು ನಿಮಿಷ ಮೊದಲು ಮೊಮ್ಮಗ ಪಾತ್ರೆ ಹಿಡಿದು ಬೇಲಿ ದಾಟಿದ. ಬರುವಾಗ ಅದೇ ಪಾತ್ರೆಯಲ್ಲಿ ಖರ್ಜೂರ ಮತ್ತು ಪತ್ತಿರಿ ಇತ್ತು.