ಮುಗಿದದ್ದು ಯಾವುದು?

16 ಜಿಬಿ ರ‍್ಯಾಮ್ ಇರುವ ಕಂಪ್ಯೂಟರ್. ಟಾಸ್ಕ್ ಮ್ಯಾನೇಜರ್ ತೆರೆದರೆ ಅರ್ಧಕ್ಕಿಂತ ಹೆಚ್ಚು ಖಾಲಿ. ಅದೇ ಹೊತ್ತಿಗೆ ಔಟ್‌ಲುಕ್ ಹೇಳುತ್ತದೆ: ಮೆಮೊರಿ ಅಥವಾ ಸಿಸ್ಟಮ್ ಸಂಪನ್ಮೂಲ ಮುಗಿದಿದೆ, ಕೆಲವು ವಿಂಡೋ ಮುಚ್ಚಿ ಮತ್ತೆ ಪ್ರಯತ್ನಿಸಿ. ಮುಚ್ಚೋಣವೆಂದರೆ ಬೇರೆ ವಿಂಡೋ ತೆರೆದೇ ಇಲ್ಲ. ಟಾಸ್ಕ್ ಮ್ಯಾನೇಜರ್ ಹೇಳುವುದೂ ನಿಜ, ಔಟ್‌ಲುಕ್ ಹೇಳುವುದೂ ನಿಜ ಎಂದಿಟ್ಟುಕೊಂಡರೆ, ಖಾಲಿಯೂ ಇದೆ, ಮುಗಿದೂ ಹೋಗಿದೆ. ಹಾಗಾದರೆ ಮುಗಿದದ್ದು ಯಾವುದು?

*

ಮೊದಲು ಸಿಗುವ ಉತ್ತರ ವಿಳಾಸಗಳದ್ದು. 32 ಬಿಟ್ ಪ್ರೋಗ್ರಾಮ್ ಒಂದಕ್ಕೆ ಬರೆಯಲು ಬರುವ ವಿಳಾಸಗಳು ಒಟ್ಟು 4,29,49,67,296. ಅಂದರೆ 4 ಜಿಬಿ. ಅದರಲ್ಲಿ ಅರ್ಧವನ್ನು ವಿಂಡೋಸ್ ತನ್ನ ಕೆಲಸಕ್ಕೆ ಇಟ್ಟುಕೊಂಡು, ವಾಡಿಕೆಯಂತೆ 2 ಜಿಬಿಯನ್ನು ಪ್ರೋಗ್ರಾಮಿಗೆ ಬಿಡುತ್ತದೆ. ಹೆಚ್ಚಿನ ವಿಳಾಸಗಳನ್ನು ನಿಭಾಯಿಸಬಲ್ಲೆ ಎಂಬ ಗುರುತು ಪ್ರೋಗ್ರಾಮಿನ ಫೈಲಿನಲ್ಲಿದ್ದರೆ, 64 ಬಿಟ್ ವಿಂಡೋಸ್‌ನಲ್ಲಿ ಪೂರ್ತಿ 4 ಜಿಬಿ ಸಿಗುತ್ತದೆ. ಅದರಾಚೆ ಇಲ್ಲ. ಮದರ್‌ಬೋರ್ಡಿನಲ್ಲಿ 16 ಇರಲಿ 64 ಇರಲಿ, 32 ಬಿಟ್ ಔಟ್‌ಲುಕ್‌ಗೆ ಅದು ತಲುಪುವುದಿಲ್ಲ.

"ಇನ್ನೊಂದು ರ‍್ಯಾಮ್ ಹಾಕಿಸಿ, ಸರಿಹೋಗುತ್ತೆ" ಎನ್ನುವ ಸಲಹೆ ಎಷ್ಟೊಂದು ಕಚೇರಿಗಳಲ್ಲಿ ಕೇಳಿಬರುತ್ತದೆ. ಹಾಕಿಸಿದ ಮೇಲೂ ಅದೇ ಸಂದೇಶ ಬಂದಾಗ ಜನ ತಮ್ಮನ್ನೇ ಅನುಮಾನಿಸಿಕೊಳ್ಳುತ್ತಾರೆ: ತಾನೇ ಎಲ್ಲೋ ತಪ್ಪು ಗುಂಡಿ ಒತ್ತಿರಬೇಕು ಎಂದು. ಇದು ನನಗೆ ನಿಜಕ್ಕೂ ಬೇಸರ ತರಿಸುವ ಸಂಗತಿ. ಹಣ ಹೋದದ್ದಕ್ಕಿಂತ ಹೆಚ್ಚು, ಆ ಅಳುಕು.

*

ವಿಳಾಸ ಉಳಿದಿದ್ದರೂ ಸಾಲದೆ ಹೋಗಬಹುದು, ಏಕೆಂದರೆ ಉಳಿದದ್ದು ಚದುರಿಕೊಂಡಿರುತ್ತದೆ. ಮದುವೆ ಮನೆಯ ಪಂಕ್ತಿಯಲ್ಲಿ ಅಲ್ಲೊಂದು ಇಲ್ಲೊಂದು ಎಂದು ಇಪ್ಪತ್ತು ಎಲೆ ಖಾಲಿ ಇರುತ್ತವೆ. ಒಟ್ಟಿಗೇ ಕೂರಬೇಕೆನ್ನುವ ಹತ್ತು ಜನರ ಬಳಗಕ್ಕೆ ಮಾತ್ರ ಜಾಗವಿರುವುದಿಲ್ಲ. ದೊಡ್ಡ ಅಟ್ಯಾಚ್‌ಮೆಂಟ್ ಹೊತ್ತ ಒಂದು ಮೇಲ್ ಅಂಥ ಬಳಗ. ಬೆಳಿಗ್ಗೆ ತೆರೆದ ಮೇಲ್ ಸಂಜೆ ತೆರೆಯದಿರುವುದಕ್ಕೆ ಇದೂ ಒಂದು ಕಾರಣ. ದಿನವಿಡೀ ತೆರೆದು ಮುಚ್ಚಿ, ತೆರೆದು ಮುಚ್ಚಿ, ಮಧ್ಯದ ಜಾಗ ಚೂರುಚೂರಾಗಿರುತ್ತದೆ. ಔಟ್‌ಲುಕ್ ಮುಚ್ಚಿ ಮತ್ತೆ ತೆರೆದರೆ ಸರಿಹೋಗುವ ಗುಟ್ಟೂ ಇದೇ. ಆದರೆ ಅದು ಉಪಶಮನ. ಮರುದಿನ ಮತ್ತೆ ಅದೇ ಹಾಡು.

*

ವಿಳಾಸಗಳಿಗೂ ಖಾಲಿ ಮೆಮೊರಿಗೂ ಸಂಬಂಧವೇ ಇಲ್ಲದ ಮಿತಿಗಳೂ ಇದೇ ಸಂದೇಶದ ಹಿಂದೆ ಇರುತ್ತವೆ. ಪರದೆಯ ಮೇಲೆ ಬರೆಯುವ ಪ್ರತಿಯೊಂದು ಫಾಂಟ್, ಕುಂಚ, ಚಿತ್ರಕ್ಕೂ ವಿಂಡೋಸ್ ಹ್ಯಾಂಡಲ್ ಎಂಬ ಒಂದು ಗುರುತುಚೀಟಿ ಕೊಡುತ್ತದೆ. ಇವಕ್ಕೆ ಜಿಡಿಐ ಆಬ್ಜೆಕ್ಟ್ ಎಂದು ಹೆಸರು. ಒಂದು ಪ್ರೋಗ್ರಾಮಿಗೆ ವಾಡಿಕೆಯ ಮಿತಿ 10,000. ವಿಂಡೋ, ಮೆನುಗಳಿಗೂ ಬೇರೆಯಾಗಿ ಅಷ್ಟೇ ಮಿತಿ. ಈ ಎಣಿಕೆ ತುಂಬಿತೆಂದರೆ ಗುಂಡಿಗಳ ಮೇಲಿನ ಅಕ್ಷರ ಮಾಯವಾಗುತ್ತದೆ, ಮೇಲ್ ಕಿಟಕಿ ಅರ್ಧ ಬಿಳಿಯಾಗಿ ನಿಲ್ಲುತ್ತದೆ, ರಿಬ್ಬನ್ ಕಪ್ಪಾಗುತ್ತದೆ. ನೋಡಿದವರು ಮಾನಿಟರ್ ಕೆಟ್ಟಿತೆಂದುಕೊಳ್ಳುವುದು ಸಹಜ.

ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಪುಟದಲ್ಲಿ ಜಿಡಿಐ ಆಬ್ಜೆಕ್ಟ್ಸ್ ಎಂಬ ಕಾಲಂ ಸೇರಿಸಿಕೊಳ್ಳಬಹುದು. ಇದು ಗೊತ್ತಿರುವವರು ಕಡಿಮೆ. ಒಂದೇ ಮೇಲನ್ನು ತೆರೆದು ಮುಚ್ಚುತ್ತಾ ಆ ಸಂಖ್ಯೆಯನ್ನು ನೋಡಬೇಕು. ತೆರೆದಾಗ ಏರಿ, ಮುಚ್ಚಿದಾಗ ಸುಮಾರು ಮೊದಲಿನ ಮಟ್ಟಕ್ಕೆ ಇಳಿದರೆ ಸರಿ. ಪ್ರತಿ ಸಲವೂ ಒಂದಿಷ್ಟು ಮೇಲೇ ಉಳಿದರೆ ಯಾರೋ ತೆಗೆದುಕೊಂಡದ್ದನ್ನು ಹಿಂದಿರುಗಿಸುತ್ತಿಲ್ಲ. ಸಂಜೆಯವರೆಗೆ ಕಾದು ಕೂರಬೇಕಾದ ರೋಗವನ್ನು ಹತ್ತು ನಿಮಿಷದಲ್ಲಿ ಗುರುತಿಸಲು ನನಗೆ ಗೊತ್ತಿರುವ ಅತ್ಯುತ್ತಮ ದಾರಿ ಇದು.

ಡೆಸ್ಕ್‌ಟಾಪ್ ಹೀಪ್ ಎಂಬ ಇನ್ನೊಂದು ಹಂಚಿಕೆ ಇದೆ. ಪರದೆಯ ಮೇಲಿನ ಎಲ್ಲ ಪ್ರೋಗ್ರಾಮುಗಳಿಗೂ ಸೇರಿ ಒಂದೇ. 64 ಬಿಟ್ ವಿಂಡೋಸ್‌ನಲ್ಲಿ ಸಾಮಾನ್ಯವಾಗಿ 20 ಎಂಬಿ. ಅದು ಮುಗಿದಾಗ ದೂರುವ ಪ್ರೋಗ್ರಾಮ್ ಒಂದು, ಮುಗಿಸಿದ ಪ್ರೋಗ್ರಾಮ್ ಇನ್ನೊಂದು ಆಗಿರಬಹುದು.

*

"ಒಂದೇ ಸಮಯದಲ್ಲಿ ತೆರೆಯಬಹುದಾದ ಐಟಂಗಳಿಗೆ ನಿಮ್ಮ ಸರ್ವರ್ ಅಡ್ಮಿನಿಸ್ಟ್ರೇಟರ್ ಮಿತಿ ಹಾಕಿದ್ದಾರೆ" ಎಂಬರ್ಥದ ಸಂದೇಶವೊಂದಿದೆ. ಇದನ್ನು ಓದಿದವರು ಅಡ್ಮಿನಿಸ್ಟ್ರೇಟರ್ ಮೇಲೆ ಸಿಟ್ಟಾಗದೆ ಇನ್ನೇನು ಮಾಡಿಯಾರು! ಎಕ್ಸ್‌ಚೇಂಜ್ ಸರ್ವರ್ ಒಂದು ಸಂಪರ್ಕಕ್ಕೆ ಏಕಕಾಲದಲ್ಲಿ 250 ಮೇಲ್‌ಗಳನ್ನು ತೆರೆದಿಡಲು ವಾಡಿಕೆಯಾಗಿ ಬಿಡುತ್ತದೆ. ಮನುಷ್ಯರಾರೂ ಅಷ್ಟನ್ನು ತೆರೆಯುವುದಿಲ್ಲ. ತೆರೆಯುವುದು ಆಡ್-ಇನ್, ಅಂದರೆ ಔಟ್‌ಲುಕ್‌ಗೆ ಜೋಡಿಸಿಕೊಂಡ ಹೊರಗಿನ ಪ್ರೋಗ್ರಾಮ್.

ಇದರ ಒಳಗುಟ್ಟು ತಿಳಿದಾಗ ನಾನು ಬಹಳ ಹೊತ್ತು ಅದನ್ನೇ ಯೋಚಿಸುತ್ತಿದ್ದೆ. ಡಾಟ್‌ನೆಟ್‌ನಲ್ಲಿ ಬರೆದ ಆಡ್-ಇನ್ ಪ್ರತಿ ಮೇಲನ್ನು ಮುಟ್ಟಿ ನೋಡಿ ಬಿಡುತ್ತದೆ. ಬಿಟ್ಟದ್ದನ್ನು ಗುಡಿಸುವುದು ಗಾರ್ಬೇಜ್ ಕಲೆಕ್ಟರ್. ಅದು ಎದ್ದು ಬರುವುದು ಮೆಮೊರಿಯ ಒತ್ತಡ ಹೆಚ್ಚಿದಾಗ. ಇಲ್ಲಿ ತುಂಬುತ್ತಿರುವುದು ಮೆಮೊರಿಯಲ್ಲ, ಸರ್ವರ್‌ನ ಎಣಿಕೆ. ಹೀಗಾಗಿ ಮೆಮೊರಿ ಧಾರಾಳವಾಗಿರುವಷ್ಟು ಕಾಲ ಕಲೆಕ್ಟರ್ ಬರುವ ಅವಸರವಿಲ್ಲ, ಅಷ್ಟರಲ್ಲಿ 250 ತುಂಬಿರುತ್ತದೆ. ರ‍್ಯಾಮ್ ಹೆಚ್ಚಿದ್ದಷ್ಟೂ ತೊಂದರೆ ಬೇಗ ಕಾಣಿಸಿಕೊಳ್ಳಬಹುದಾದ ವಿಚಿತ್ರ ಸ್ಥಿತಿ. ಪರಿಹಾರ ಬರೆದವರ ಕೈಯಲ್ಲಿದೆ: ಮುಟ್ಟಿದ ಪ್ರತಿ ಐಟಂ ಅನ್ನು ಅಲ್ಲಲ್ಲೇ ಕೈಯಾರೆ ಬಿಡುಗಡೆ ಮಾಡಬೇಕು. ಅವರು ಮಾಡದಿದ್ದರೆ ಬಳಸುವವರಿಗೆ ಉಳಿಯುವುದು ಆ ಆಡ್-ಇನ್ ಆಫ್ ಮಾಡುವ ದಾರಿಯೊಂದೇ.

*

ಆಡ್-ಇನ್ ಎಂದರೆ ಏನೆಂದು ಕೇಳಿದವರಿಗೆ ನಾನು ಹೇಳುವುದಿಷ್ಟು. 2000ದ ಆಫೀಸ್‌ನಿಂದ ಬಂದ ಕಾಮ್ ಆಡ್-ಇನ್ ಎಂಬುದು ಹೊರಗಿನವರು ಬರೆದ ಒಂದು ಡಿಎಲ್‌ಎಲ್ ಫೈಲ್. ಔಟ್‌ಲುಕ್ ಏಳುವಾಗ ಅದನ್ನು ತನ್ನ ಪ್ರೋಸೆಸ್‌ನೊಳಗೇ ಲೋಡ್ ಮಾಡಿಕೊಳ್ಳುತ್ತದೆ. ಅದೇ ವಿಳಾಸಗಳು, ಅದೇ 10,000 ಹ್ಯಾಂಡಲ್, ಅದೇ 250. ಅದು ತಿಂದದ್ದು ಔಟ್‌ಲುಕ್ ಲೆಕ್ಕಕ್ಕೆ ಬರುತ್ತದೆ. ಅದು ಕುಸಿದರೆ ಔಟ್‌ಲುಕ್ ಕುಸಿಯುತ್ತದೆ. 2007ರ ಆವೃತ್ತಿಯಿಂದ ಮೇಲ್‌ಗಳನ್ನು ತೋರಿಸುವ, ಬರೆಯುವ ಕೆಲಸಕ್ಕೆ ವರ್ಡ್‌ನ ಎಂಜಿನ್ ಕೂಡ ಔಟ್‌ಲುಕ್‌ನೊಳಗೇ ಸೇರಿತು.

ಯಾವ ಕಚೇರಿಯ ಕಂಪ್ಯೂಟರ್ ತೆರೆದರೂ ಪಟ್ಟಿ ಹೆಚ್ಚುಕಡಿಮೆ ಒಂದೇ ಥರ: ಆಂಟಿವೈರಸ್‌ನದೊಂದು, ಪಿಡಿಎಫ್ ಮಾಡುವುದೊಂದು, ಮೀಟಿಂಗ್ ಕರೆಯುವುದೊಂದೆರಡು, ಗ್ರಾಹಕರ ದಾಖಲೆಯದ್ದು, ಫೋನ್ ಜೋಡಿಸುವುದು, ಎಂದೋ ಬಿಟ್ಟ ಪ್ರಿಂಟರ್ ಜೊತೆಗೆ ಬಂದದ್ದು. ಹಾಕಿದವರು ಯಾರೆಂದು ಕೇಳಿದರೆ ಯಾರೂ ಅಲ್ಲ. ಬೇರೆ ಯಾವುದೋ ಸಾಫ್ಟ್‌ವೇರ್ ಹಾಕುವಾಗ ನೆಕ್ಸ್ಟ್, ನೆಕ್ಸ್ಟ್ ಒತ್ತಿದ್ದರಿಂದ ಬಂದವು.

*

ಪರೀಕ್ಷೆ ಶುರುವಾಗುವುದು ಸೇಫ್ ಮೋಡ್‌ನಿಂದ. ಕಂಟ್ರೋಲ್ ಕೀ ಒತ್ತಿಹಿಡಿದು ಔಟ್‌ಲುಕ್ ಐಕಾನ್ ಕ್ಲಿಕ್ ಮಾಡಿದರೆ ಆಡ್-ಇನ್‌ಗಳಿಲ್ಲದೆ ಏಳುತ್ತದೆ. ಸೇಫ್ ಮೋಡ್‌ನಲ್ಲಿ ದೋಷ ಮಾಯವಾದರೆ ಆಡ್-ಇನ್‌ಗಳ ಕಡೆ ತಿರುಗಬೇಕು. ಅಲ್ಲೂ ಉಳಿದರೆ ಪ್ರೊಫೈಲ್, ಡೇಟಾ ಫೈಲ್, ಆಫೀಸ್ ರಿಪೇರಿ ಎಂದು ಬೇರೆ ದಾರಿ.

ಆಮೇಲೆ ಅರ್ಧರ್ಧ ಮಾಡುವ ಕ್ರಮ. ಹನ್ನೆರಡು ಆಡ್-ಇನ್‌ಗಳಿದ್ದರೆ ಆರನ್ನು ಆಫ್ ಮಾಡು. ದೋಷ ಹೋಯಿತೇ? ಅಪರಾಧಿ ಆ ಆರರಲ್ಲಿದೆ. ಮತ್ತೆ ಮೂರು, ಮತ್ತೆ ಒಂದು. ಹೆಚ್ಚೆಂದರೆ ನಾಲ್ಕು ಸಲಕ್ಕೆ ಸಿಗಬೇಕು. ಸಿಗುತ್ತದೆ ಕೂಡ, ಅಪರಾಧಿ ಒಬ್ಬನೇ ಆಗಿದ್ದರೆ.

ನನ್ನನ್ನು ಕಾಡುವುದು ಇನ್ನೊಂದು ಬಗೆ. ಮೊದಲ ಆರು ಮಾತ್ರ ಇದ್ದಾಗ ಎಲ್ಲ ಸರಿ. ಉಳಿದ ಆರು ಮಾತ್ರ ಇದ್ದಾಗಲೂ ಎಲ್ಲ ಸರಿ. ಹನ್ನೆರಡೂ ಸೇರಿದರೆ ಬೀಳುತ್ತದೆ. ಎರಡು ಆಡ್-ಇನ್‌ಗಳು ಮೇಲ್ ಕಳುಹಿಸುವ ಒಂದೇ ಗಳಿಗೆಗೆ ಕಾದಿವೆ ಎಂದುಕೊಳ್ಳಿ: ಒಂದು ಅಟ್ಯಾಚ್‌ಮೆಂಟ್ ಅನ್ನು ಪಿಡಿಎಫ್ ಮಾಡಲು, ಇನ್ನೊಂದು ಅದನ್ನು ಪರೀಕ್ಷಿಸಲು. ಒಂದು ತೆಗೆದುಹಾಕಿದ್ದನ್ನು ಇನ್ನೊಂದು ಹಿಡಿದುಕೊಂಡಿರುತ್ತದೆ. ಬಿಡಿಬಿಡಿಯಾಗಿ ಎರಡರಲ್ಲೂ ತಪ್ಪು ಕಾಣಿಸುವುದಿಲ್ಲ. ಎರಡೂ ಕಂಪನಿಗಳಿಗೆ ಬರೆದರೆ ಇಬ್ಬರೂ ತಮ್ಮದನ್ನು ಮಾತ್ರ ಹಾಕಿ ಪರೀಕ್ಷಿಸಿ, ನಮ್ಮಲ್ಲಿ ಸರಿಯಾಗಿದೆ ಎನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಹನ್ನೆರಡರಲ್ಲಿ ಜೋಡಿಗಳು 66. ಒಂದೊಂದನ್ನೂ ಪ್ರಯತ್ನಿಸುವ ತಾಳ್ಮೆ ಯಾರಿಗಿದೆ?

ಇದಕ್ಕೆ ದಾರಿ ತೋರಿಸಿದವರು ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಆಂಡ್ರೆಯಾಸ್ ಝೆಲ್ಲರ್. ನಿನ್ನೆ ಸರಿಯಿದ್ದ ಪ್ರೋಗ್ರಾಮ್ ಇಂದೇಕೆ ಕೆಟ್ಟಿತು ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಟ್ಟು 1999ರಲ್ಲಿ ಬರೆದ ಪ್ರಬಂಧದಲ್ಲಿ, ಬಿಡಿಯಾಗಿ ನಿರಪಾಯವಾದ ಬದಲಾವಣೆಗಳು ಕೂಡಿದಾಗ ಕೆಡಿಸುವ ಸಂದರ್ಭವನ್ನು ಅವರು ಬೇರೆಯಾಗಿಯೇ ಎತ್ತಿಕೊಂಡರು. ಎರಡು ಅರ್ಧಗಳೂ ಬಿಡಿಯಾಗಿ ಪಾಸಾದರೆ, ಒಂದು ಅರ್ಧವನ್ನು ಪೂರ್ತಿ ಹಾಗೇ ಆನ್ ಇಟ್ಟು ಇನ್ನೊಂದು ಅರ್ಧದೊಳಗೆ ಹುಡುಕು. ಸಿಕ್ಕ ಮೇಲೆ ಅದನ್ನು ಆನ್ ಇಟ್ಟು ಮೊದಲ ಅರ್ಧದೊಳಗೆ ಹುಡುಕು. 66ರ ಜಾಗದಲ್ಲಿ ಏಳೆಂಟು ಪರೀಕ್ಷೆ ಸಾಕು. ಸಂಶೋಧಕರು ಸಾವಿರಾರು ಸಾಲು ಕೋಡ್‌ಗೆಂದು ಕಂಡುಕೊಂಡ ಕ್ರಮ, ಟಿಕ್ ಗುರುತು ಹಾಕಿ ತೆಗೆಯುವ ಒಂದು ಪುಟ್ಟ ಪಟ್ಟಿಗೂ ಹೀಗೆ ಒದಗುತ್ತದೆಂಬುದು ನನಗೆ ದೊಡ್ಡ ಖುಷಿ ಕೊಟ್ಟಿದೆ.

ಒಂದು ಎಚ್ಚರಿಕೆ ಮಾತ್ರ ಬರೆದಿಡಬೇಕು. ನಿಧಾನವಾಗಿ ಸೋರುವ ರೋಗದಲ್ಲಿ "ದೋಷ ಬರಲಿಲ್ಲ" ಎಂದು ಹೇಳಲು ಇಡೀ ದಿನದ ಕೆಲಸ ನಡೆದಿರಬೇಕು. ಬೆಳಿಗ್ಗೆ ಹನ್ನೊಂದಕ್ಕೆ ಪಾಸು ಎಂದು ಬರೆದ ಪರೀಕ್ಷೆ ಪರೀಕ್ಷೆಯೇ ಅಲ್ಲ.

*

2013ರ ಔಟ್‌ಲುಕ್‌ನಿಂದ ಪ್ರೋಗ್ರಾಮೇ ಆಡ್-ಇನ್‌ಗಳ ಮೇಲೆ ಕಣ್ಣಿಡುತ್ತಿದೆ. ಏಳುವಾಗ ತೆಗೆದುಕೊಳ್ಳುವ ಹೊತ್ತಿನ ಮಧ್ಯಾಂಕ ಸತತ ಐದು ಸಲದಲ್ಲಿ 1,000 ಮಿಲಿಸೆಕೆಂಡ್ ದಾಟಿದರೆ ಆ ಆಡ್-ಇನ್ ಆಫ್. ಫೋಲ್ಡರ್ ಬದಲಿಸುವಾಗ, ಮೇಲ್ ತೆರೆಯುವಾಗ ಮಿತಿ 500.

ಒಳ್ಳೆಯ ಏರ್ಪಾಡು, ಆದರೆ ಅಳೆಯುವುದು ನಿಧಾನವನ್ನು, ಸೋರಿಕೆಯನ್ನಲ್ಲ. ಥಟ್ಟನೆ ಎದ್ದು, ಥಟ್ಟನೆ ತೆರೆದು, ಪ್ರತಿ ಸಲ ನಾಲ್ಕು ಹ್ಯಾಂಡಲ್ ಹಿಂದಿರುಗಿಸದೆ ಉಳಿಸಿಕೊಳ್ಳುವ ಆಡ್-ಇನ್ ಈ ಜರಡಿಯಲ್ಲಿ ಸಿಗುವುದಿಲ್ಲ. ಹಳೆಯ ಹಾರ್ಡ್‌ಡಿಸ್ಕ್‌ನ ಕಂಪ್ಯೂಟರಿನಲ್ಲಿ ಪಾಪ ನಿರಪರಾಧಿಯೊಂದು ಸಿಕ್ಕಿಬೀಳುತ್ತದೆ. ಹ್ಯಾಂಡಲ್ ಎಣಿಕೆಯನ್ನೂ ಆಡ್-ಇನ್‌ವಾರು ತೋರಿಸುವ ಒಂದು ಪುಟ ಇದ್ದಿದ್ದರೆ ಎಷ್ಟು ಜನರ ಎಷ್ಟು ದಿನ ಉಳಿಯುತ್ತಿತ್ತು! ಎಲ್ಲ ಒಂದೇ ಪ್ರೋಸೆಸ್‌ನೊಳಗೆ ಬೆರೆತಿರುವಾಗ ಯಾರದು ಯಾವುದೆಂದು ವಿಂಡೋಸ್‌ಗೂ ತಿಳಿಯುವುದಿಲ್ಲ ಎಂಬುದು ಅದಕ್ಕಿರುವ ಅಡ್ಡಿ.

*

ಸುಳಿವು ಸಿಗುವ ಇನ್ನೊಂದು ಜಾಗ ವಿಂಡೋಸ್‌ನ ಈವೆಂಟ್ ವ್ಯೂವರ್. ಅಪ್ಲಿಕೇಶನ್ ಲಾಗ್‌ನಲ್ಲಿ ಔಟ್‌ಲುಕ್‌ನ 45ನೇ ಈವೆಂಟ್: ಲೋಡ್ ಆದ ಆಡ್-ಇನ್‌ಗಳು, ಅವುಗಳ ಫೈಲ್ ಎಲ್ಲಿದೆ, ತಲಾ ಎಷ್ಟು ಮಿಲಿಸೆಕೆಂಡ್. 59ನೆಯದು: ಯಾವುದನ್ನು ಆಫ್ ಮಾಡಲಾಯಿತು. ಕುಸಿದಾಗ 1000ನೆಯದು, ಅದರಲ್ಲಿ ತಪ್ಪು ಸಂಭವಿಸಿದ ಮಾಡ್ಯೂಲ್‌ನ ಹೆಸರು.

ಆ ಹೆಸರನ್ನು ಒಡನೆಯೇ ನಂಬಬಾರದು. ಎನ್‌ಟಿಡಿಎಲ್‌ಎಲ್ ಎಂದಿದ್ದರೆ ಅದು ವಿಂಡೋಸ್‌ನ ಮೂಲ ಫೈಲ್. ಮೆಮೊರಿ ಹಂಚಿಕೆಯ ಲೆಕ್ಕ ಕೆಟ್ಟಿದೆಯೆಂದು ಪತ್ತೆಹಚ್ಚಿದ್ದು ಅದು; ಕೆಡಿಸಿದವರು ಅಷ್ಟು ಹೊತ್ತಿಗೆ ಬಂದು ಹೋಗಿರಬಹುದು. ಆಡ್-ಇನ್‌ನ ಫೈಲಿನ ಹೆಸರೇ ಇದ್ದರೆ, ಅದೂ ಮತ್ತೆ ಮತ್ತೆ ಅದೇ ಬಂದರೆ, ಅನುಮಾನಕ್ಕೆ ಬಲ ಬರುತ್ತದೆ.

*

ಯಾವ ಪರೀಕ್ಷೆಗೂ ಮುಂಚೆ ಔಟ್‌ಲುಕ್ ಮುಚ್ಚಿ, ಮೇಲ್‌ಗಳನ್ನು ಕಂಪ್ಯೂಟರಿನಲ್ಲೇ ಕೂಡಿಟ್ಟಿರುವ ಪಿಎಸ್‌ಟಿ ಫೈಲಿನ ಪ್ರತಿ ತೆಗೆದಿಡಬೇಕು. ಇದನ್ನು ಎಷ್ಟು ಒತ್ತಿ ಹೇಳಿದರೂ ನನಗೆ ಸಮಾಧಾನವಿಲ್ಲ. 2002ರವರೆಗಿನ ಔಟ್‌ಲುಕ್‌ನ ಪಿಎಸ್‌ಟಿಗೆ 2 ಜಿಬಿ ಮಿತಿಯಿತ್ತು. ಅದನ್ನು ದಾಟಿದ ಫೈಲ್ ತೆರೆಯುತ್ತಲೇ ಇರಲಿಲ್ಲ. ಮೈಕ್ರೋಸಾಫ್ಟ್ ಕೊಟ್ಟ ಉಪಕರಣ ಹೆಚ್ಚಾದಷ್ಟನ್ನು ಕತ್ತರಿಸಿ ತೆರೆಯುವಂತೆ ಮಾಡುತ್ತಿತ್ತು. ಕತ್ತರಿಸಿದ್ದರಲ್ಲಿ ಯಾರ ಯಾವ ಪತ್ರವಿತ್ತೋ. 2003ರಲ್ಲಿ ಯೂನಿಕೋಡ್ ರೂಪ ಬಂದು ಮಿತಿ 20 ಜಿಬಿ ಆಯಿತು, 2010ರಲ್ಲಿ 50. ಸ್ಕ್ಯಾನ್‌ಪಿಎಸ್‌ಟಿ ಎಂಬ ರಿಪೇರಿ ಉಪಕರಣ ಈಗಲೂ ಆಫೀಸ್ ಜೊತೆಗೇ ಬರುತ್ತದೆ. ಅದೂ ಸರಿಪಡಿಸಲಾಗದ ಮೇಲ್‌ಗಳನ್ನು ಬಿಟ್ಟುಬಿಡಬಹುದು.

"ಫಾರ್ಮ್ಯಾಟ್ ಮಾಡಿಬಿಡೋಣ" ಎನ್ನುವ ರಿಪೇರಿಯವರನ್ನು ನಾನು ತಡೆಯುವುದು ಇದಕ್ಕೇ. ಹತ್ತು ವರ್ಷದ ಪತ್ರವ್ಯವಹಾರ, ತೀರಿಹೋದವರ ಮೇಲ್‌ಗಳು, ಕೋರ್ಟಿಗೆ ಬೇಕಾಗುವ ಒಪ್ಪಂದದ ಪ್ರತಿ, ಎಲ್ಲ ಆ ಒಂದು ಫೈಲಿನಲ್ಲಿ. ದೋಷ ಒಂದು ಆಡ್-ಇನ್‌ನದ್ದು.

*

64 ಬಿಟ್ ಆಫೀಸ್‌ಗೆ ಬದಲಾದರೆ ವಿಳಾಸಗಳ ಕೊರತೆ ತೀರುತ್ತದೆ. ಹ್ಯಾಂಡಲ್ ಮಿತಿ, ಸರ್ವರ್‌ನ 250 ಹಾಗೇ ಉಳಿಯುತ್ತವೆ. 32 ಬಿಟ್‌ಗೆಂದು ಕಟ್ಟಿದ ಡಿಎಲ್‌ಎಲ್ ಅದರೊಳಗೆ ಲೋಡ್ ಆಗುವುದಿಲ್ಲ. ಹೊಸದನ್ನು ಕೇಳೋಣವೆಂದರೆ ಬರೆದ ಕಂಪನಿ ಮುಚ್ಚಿರುತ್ತದೆ.

ಹೊಸ ಔಟ್‌ಲುಕ್ ಇನ್ನೂ ಒಂದು ಹೆಜ್ಜೆ ಮುಂದೆ. ಅದರಲ್ಲಿ ಕಾಮ್ ಆಡ್-ಇನ್‌ಗಳಿಗೆ ಜಾಗವಿಲ್ಲ. ವೆಬ್ ಆಡ್-ಇನ್ ಮಾತ್ರ, ಅದೂ ಬ್ರೌಸರ್‌ನೊಳಗಿನ ಪುಟದಂತೆ ಬೇರೆಯಾಗಿ ಓಡುತ್ತದೆ. ಬಿದ್ದರೆ ತಾನೊಂದೇ ಬೀಳುತ್ತದೆ. ಹಳೆಯ ಔಟ್‌ಲುಕ್‌ಗೆ ಕನಿಷ್ಠ 2029ರವರೆಗೆ ಬೆಂಬಲವಿದೆ ಎಂದು ಮೈಕ್ರೋಸಾಫ್ಟ್ ಹೇಳಿದೆ. ಭದ್ರತೆಯ ದೃಷ್ಟಿಯಿಂದ ಕಾಮ್ ಆಡ್-ಇನ್‌ಗಳನ್ನು ಕೈಬಿಟ್ಟದ್ದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ. ಆದರೆ ಬಂದ ಇನ್ವಾಯ್ಸ್‌ಗಳನ್ನೆಲ್ಲ ಗ್ರಾಹಕರ ಹೆಸರಿನ ಫೋಲ್ಡರ್‌ಗೆ, ಅದೇ ಕಂಪ್ಯೂಟರಿನ ಡಿಸ್ಕ್‌ಗೆ ತಾನಾಗಿ ಇಳಿಸುವ ಹಳೆಯ ಆಡ್-ಇನ್ ನೆಚ್ಚಿಕೊಂಡ ಗುಮಾಸ್ತೆಗೆ ಇದರ ಬದಲಿಗೆ ಏನು ಕೊಡುವುದು?

*

ಈಗ ಕಚೇರಿಯ ಪ್ರತಿ ಕಂಪ್ಯೂಟರಿಗೂ ಒಂದು ಪಟ್ಟಿ ಬರೆಯುತ್ತಿದ್ದೇನೆ: ಆಡ್-ಇನ್ ಹೆಸರು, ಆವೃತ್ತಿ, ಯಾರಿಗೆ ಯಾವ ಕೆಲಸಕ್ಕೆ ಬೇಕು. ಕೊನೆಯ ಕಾಲಂ ತುಂಬಲು ಒಬ್ಬೊಬ್ಬರನ್ನೇ ಕೇಳಬೇಕು. ಒಂದೆರಡಕ್ಕೆ ಇನ್ನೂ ವಾರಸುದಾರರು ಸಿಕ್ಕಿಲ್ಲ. ಅವುಗಳ ಟಿಕ್ ತೆಗೆದಿದ್ದೇನೆ, ಅನ್‌ಇನ್‌ಸ್ಟಾಲ್ ಮಾಡಿಲ್ಲ. ತಿಂಗಳ ಕೊನೆಯ ಲೆಕ್ಕ ಮುಗಿಯುವವರೆಗೆ ಕಾಯುವುದು ಒಳ್ಳೆಯದು. ಕೆಲವು ಕೆಲಸಗಳು ಆ ವಾರದಲ್ಲಿ ಮಾತ್ರ ನಡೆಯುತ್ತವೆ.