ಕಟ್ಟಿಸಿದ ಜೀಪು, ಕೊಂಡ ಥಾರು

ಮೂಡಿಗೆರೆ ಸೀಮೆಯಲ್ಲಿ ಕಾರನ್ನು ಕೊಳ್ಳುತ್ತಾರೆ, ಜೀಪನ್ನು ಕಟ್ಟಿಸುತ್ತಾರೆ. ಎಲ್ಲೋ ಗುಜರಿಯಲ್ಲಿ ಸಿಕ್ಕ ಚಾಸಿ, ಸರ್ಕಾರಿ ಹರಾಜಿನಲ್ಲಿ ಬಂದ ಗಾಡಿಯದೊಂದು ಗೇರ್‌ಬಾಕ್ಸು, ಮಟಡಾರ್ ವ್ಯಾನಿನಿಂದ ಇಳಿಸಿದ ಡೀಸೆಲ್ ಎಂಜಿನ್ನು, ಪಕ್ಕದ ತೋಟದ ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತಿದ್ದ ಆಕ್ಸೆಲ್ಲು, ಇಷ್ಟು ಕೂಡಿಸಿಕೊಂಡರೆ ಮಿಕ್ಕಿದ್ದೆಲ್ಲ ಟಿಂಕರಿಂಗ್ ಮಾಡುವವನ ಸುತ್ತಿಗೆಗೆ ಸೇರಿದ್ದು. ಅವನು ತಗಡನ್ನು ಬಡಿದು ಬಡಿದು ಮಡ್‌ಗಾರ್ಡು ಮಾಡುತ್ತಾನೆ. ಎಡದ್ದಕ್ಕೂ ಬಲದ್ದಕ್ಕೂ ಅರ್ಧ ಇಂಚು ಹೆಚ್ಚುಕಡಿಮೆ ಬಂದಿದ್ದರೆ ಅದೇ ಆ ಗ್ಯಾರೇಜಿನ ಸಹಿ. ಹುಡ್ಡಿನ ಕ್ಯಾನ್ವಾಸು ಹೊಲಿಯುವವನು ಬೇರೆ, ವೈರಿಂಗ್ ಎಳೆಯುವವನು ಬೇರೆ. ಮಳೆಗಾಲಕ್ಕೆ ಮುಂಚೆ ಒಳಗೆ ಹೋದ ಗಾಡಿ ಕಾಫಿ ಕೊಯ್ಲಿಗೆ ಹೊರಬಂದರೆ ಬೇಗ ಆಯಿತೆಂದೇ ಲೆಕ್ಕ.

ನಮ್ಮ ಭಾವನ ಜೀಪು ಹೀಗೆ ಹುಟ್ಟಿದ್ದು. ಕಾಗದದ ಮೇಲೆ ಅದು ಮಹೀಂದ್ರ ಸಿಜೆ-3ಬಿ, ಎತ್ತರದ ಬಾನೆಟ್ಟಿನ ಹಳೇ ಮಾದರಿ. ಆ ಬಾನೆಟ್ಟು ಹಾಗೆ ಉಬ್ಬಿರುವುದಕ್ಕೆ ಕಾರಣವಿದೆ. ಅಮೆರಿಕದ ವಿಲ್ಲೀಸ್ ಕಂಪನಿ 1953ರಲ್ಲಿ ಹಳೇ ಜೀಪಿಗೆ ಹೊಸ ಎಂಜಿನ್ನು ಕೂರಿಸಹೊರಟಾಗ ಅದು ಬಾನೆಟ್ಟಿನ ಕೆಳಗೆ ಹಿಡಿಸಲಿಲ್ಲ, ಮುಚ್ಚಳವನ್ನೇ ಎತ್ತರಿಸಿಬಿಟ್ಟರು. ಅಲ್ಲಿಯವರು ಆ ಮಾದರಿಯನ್ನು ಮರೆತ ಮೇಲೂ ಮಹೀಂದ್ರದವರು ದಶಕಗಟ್ಟಲೆ ಅದನ್ನೇ ಮಾಡುತ್ತ ಹೋದರು. ಭಾವನ ಕೈಗೆ ಬರುವಷ್ಟರಲ್ಲಿ ಅದರೊಳಗಿನ ಪೆಟ್ರೋಲ್ ಎಂಜಿನ್ನು ಯಾವ ಕಾಲಕ್ಕೋ ಮಾಯವಾಗಿ ಖಾಲಿ ಗೂಡು ಉಳಿದಿತ್ತು. ಅಲ್ಲಿ ಮಟಡಾರ್ ಎಂಜಿನ್ನು ಕೂತಿತು. ಬಜಾಜ್ ಟೆಂಪೋದವರು ಅದನ್ನು ಮಾಡುತ್ತಿದ್ದದ್ದು ಜರ್ಮನಿಯ ಮರ್ಸಿಡಿಸ್ ಬೆಂಜ್ ಪರವಾನಗಿಯಲ್ಲಿ. ಹಾಗಾಗಿ "ನಮ್ದು ಒಳಗೆ ಬೆಂಜು" ಎಂದು ಭಾವ ಮದುವೆಮನೆಗಳಲ್ಲಿ ಹೇಳಿಕೊಳ್ಳುವುದರಲ್ಲಿ ಸುಳ್ಳೇನೂ ಇರಲಿಲ್ಲ.

ಇಂಗ್ಲೆಂಡಿನ ಮಾಲ್ವರ್ನ್ ಊರಿನಲ್ಲಿ ಮಾರ್ಗನ್ ಎಂಬ ಕಂಪನಿ ನೂರು ವರ್ಷಕ್ಕೂ ಮೇಲಿಂದ ಕೈಯಲ್ಲೇ ಸ್ಪೋರ್ಟ್ಸ್ ಕಾರು ಮಾಡುತ್ತಿದೆ. ಬಾಡಿಯ ಚೌಕಟ್ಟಿಗೆ ಈಗಲೂ ಆಶ್ ಮರವನ್ನೇ ಬಳಸುತ್ತಾರೆ. ಅದನ್ನು ಕೊಂಡವರು ಅದರ ಗಡಸುತನವನ್ನೇ ಹಾಡಿ ಹೊಗಳುತ್ತಾರಂತೆ. ರಸ್ತೆಯ ಒಂದೊಂದು ಕಲ್ಲೂ ಬೆನ್ನಿಗೆ ತಿಳಿಯುತ್ತದೆ, ಗಾಡಿಗೂ ಮನುಷ್ಯನಿಗೂ ನಡುವೆ ಏನೂ ಇಲ್ಲ ಎನ್ನುತ್ತಾರಂತೆ. ಭಾವ ಮಾಲ್ವರ್ನ್ ಹೆಸರು ಕೇಳಿದವರಲ್ಲ. ಆದರೆ ಅವರ ಮಾತೂ ಇದೇ. "ಜೀಪಲ್ಲಿ ಕೂತ್ರೆ ಗುಡ್ಡ ಗೊತ್ತಾಗುತ್ತೆ, ಕಾರಲ್ಲಿ ಕೂತ್ರೆ ಸೀಟು ಗೊತ್ತಾಗುತ್ತೆ." ನಾನೂ ಅದನ್ನು ನಂಬಿದ್ದೆ. ಈ ಏಪ್ರಿಲ್‌ನಲ್ಲಿ ಮೂಡಿಗೆರೆಯಿಂದ ಕಳಸಕ್ಕೆ ಹೋಗಿಬಂದ ಮೇಲೆ ಆ ನಂಬಿಕೆ ಅಲುಗಾಡಿದೆ.

ಭಾವನ ಎಡಮೊಣಕಾಲು ಇನ್ನು ಕ್ಲಚ್ಚು ಒತ್ತಲಾರೆ ಎಂದಿತು. ಅಕ್ಕ ಇದೇ ಸಮಯವೆಂದು ಕಾದಿದ್ದವಳಂತೆ ಹಟ ಹಿಡಿದಳು. ಅಂಗಳಕ್ಕೆ ಪೆಟ್ರೋಲ್ ಥಾರ್ ಬಂತು, ಗೇರ್ ಬದಲಿಸುವ ಗೋಜಿಲ್ಲದ ಆಟೊಮ್ಯಾಟಿಕ್. 2020ರಲ್ಲಿ ಹೊಸ ರೂಪದಲ್ಲಿ ಹೊರಬಂದ ಈ ಗಾಡಿಯನ್ನು ಬೆಂಗಳೂರಿನ ಕಾರುಪ್ರಿಯರು ಒರಟು ಎನ್ನುವುದನ್ನು ಕೇಳಿದ್ದೇನೆ. ಹಿಂದಿನ ಸೀಟು ಕುಲುಕುತ್ತದಂತೆ, ಗಾಳಿಯ ಸದ್ದು ಬರುತ್ತದಂತೆ. ಅವರನ್ನೆಲ್ಲ ಒಂದು ದಿನ ಭಾವನ ಸಿಜೆಯಲ್ಲಿ ಬಾಳೂರು ಹ್ಯಾಂಡ್‌ಪೋಸ್ಟಿನವರೆಗೆ ಕರೆದೊಯ್ಯಬೇಕು. ಆ ಜೀಪಿನ ಸ್ಟೀರಿಂಗನ್ನು ಒಂದಿಷ್ಟು ತಿರುಗಿಸಿದ ಮೇಲೇ ಚಕ್ರಕ್ಕೆ ಸುದ್ದಿ ಮುಟ್ಟುತ್ತಿತ್ತು. ಫಸ್ಟ್ ಗೇರಿಗೆ ಬರಬೇಕಾದರೆ ಗಾಡಿ ಪೂರಾ ನಿಲ್ಲಬೇಕು, ಇಲ್ಲವೇ ಎರಡು ಸಲ ಕ್ಲಚ್ಚು ಒತ್ತಿ ನಡುವೆ ಹದವಾಗಿ ಎಕ್ಸಲೇಟರ್ ಕೊಡಬೇಕು. ಕಾಲಡಿಯ ತಗಡಿನ ಸಂದಿಯಲ್ಲಿ ರಸ್ತೆ ಓಡುವುದು ಕಾಣುತ್ತಿತ್ತು. ಬಾಗಿಲು ಇರಬೇಕಾದ ಜಾಗದಲ್ಲಿ ಒಂದು ಸರಪಳಿ. ಮಾತೆಂದರೆ ಕೂಗು.

ಹೊರಟದ್ದು ಅಕ್ಕನ ಮಗಳ ಮದುವೆಯ ಕರೆಯೋಲೆ ಹಂಚಲು. ಬಣಕಲ್ ದಾಟುವವರೆಗೂ ಭಾವ ಎಂದಿನಂತೆ ಕೂಗಿಯೇ ಮಾತಾಡುತ್ತಿದ್ದರು. ಮುಚ್ಚಿದ ಗಾಜುಗಳ ನಡುವೆ ಅವರ ದನಿ ನನ್ನ ಕಿವಿಗೆ ಗುದ್ದುತ್ತಿತ್ತು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಮತ್ತೆ ಹತ್ತಿ ಕೂತಾಗ ಅವರಿಗೇ ಹೊಳೆಯಿತೇನೋ, ದನಿ ತಗ್ಗಿತು. ಭಾವ ಮೆಲ್ಲಗೆ ಮಾತಾಡಬಲ್ಲರು ಎಂಬುದು ನನಗೆ ಗೊತ್ತಾದದ್ದೇ ಅಲ್ಲಿಂದ ಮುಂದೆ. ನೇರ ಹೋದರೆ ಚಾರ್ಮಾಡಿ ಘಾಟಿ. ನಾವು ಕಳಸದ ರಸ್ತೆಗೆ ತಿರುಗಿದೆವು.

ಹೇಮಾವತಿ ಹುಟ್ಟುವ ಜಾವಳಿಯ ಹತ್ತಿರ ರಸ್ತೆ ಏರುತ್ತ ತಿರುಗುತ್ತದೆ. ಇಲ್ಲೆಲ್ಲ ಹಿಂದೆ ನಾನು ಕಂಡಿದ್ದೇನು? ಮುಂದಿನ ತಿರುವು, ಟೆಂಪರೇಚರ್ ಮುಳ್ಳು, ಭಾವನ ಬಲಗೈಯ ನರ. ಜೀಪಿನಲ್ಲಿ ಪಕ್ಕದಲ್ಲಿ ಕೂತವನೂ ಅರ್ಧ ಡ್ರೈವರೇ. ಏರಿನಲ್ಲಿ ಉಸಿರು ಬಿಗಿಹಿಡಿಯಬೇಕು, ಇಳುಕಲಿನಲ್ಲಿ ಕಂಬಿ ಹಿಡಿಯಬೇಕು, ಲಾರಿ ಎದುರಾದರೆ ಇಣುಕಿ ನೋಡಿ "ಬಿಡಿ, ಬಿಡಿ, ಇನ್ನೊಂಚೂರು" ಎನ್ನಬೇಕು. ಈಗ ನನಗೆ ಕೆಲಸವಿಲ್ಲ. ಕೆಲಸವಿಲ್ಲದ ಕಣ್ಣು ಹೊರಗೆ ಹೋಯಿತು. ಸಿಲ್ವರ್ ಮರಗಳ ಮೈಗೆ ಹಬ್ಬಿದ ಮೆಣಸಿನ ಬಳ್ಳಿ, ಅದರಾಚೆ ಹಲಸು, ಅದರಾಚೆ ಕಾಡು, ಅದರ ಮೇಲೆ ಬೋಳು ಹುಲ್ಲುಗುಡ್ಡ, ಗುಡ್ಡದ ಮಡಿಕೆಗಳಲ್ಲಿ ಮಾತ್ರ ಒತ್ತಾಗಿ ಬೆಳೆದ ಶೋಲಾ. ಹುಲ್ಲಿನ ಹೊಳಪು ಎಲ್ಲಿ ನಿಲ್ಲುತ್ತದೆ, ಕಾಡಿನ ಕಪ್ಪು ಎಲ್ಲಿ ಶುರುವಾಗುತ್ತದೆ ಎಂಬ ಗೆರೆ ಅಷ್ಟು ಸ್ಪಷ್ಟವಾಗಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಇದೇ ದಾರಿಯಲ್ಲಿ ಚಿಕ್ಕಂದಿನಿಂದ ಓಡಾಡಿದವನು ನಾನು!

ಬಾಳೂರು ಕಳೆದು ಒಂದು ಒಳದಾರಿಗೆ ಇಳಿದೆವು. ಮೊದಲ ಕರೆಯೋಲೆ ಅಲ್ಲಿಯ ತೋಟದ ಮನೆಗೆ. ವಾರದ ಹಿಂದೆ ಹೂಮಳೆ ಬಿದ್ದಿತ್ತು. ಮಳೆ ಬಿದ್ದು ಎಂಟೊಂಬತ್ತು ದಿನಕ್ಕೆ ಕಾಫಿ ಹೂ ಒಂದೇ ಸಲಕ್ಕೆ ಅರಳುವುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಲೆಕ್ಕ. ಆದರೂ ತಿರುವು ಕಳೆದದ್ದೇ ಇಬ್ಬರೂ ಮಾತು ನಿಲ್ಲಿಸಿದೆವು. ದಾರಿಯ ಎರಡೂ ಬದಿ, ಕಣ್ಣು ಹೋಗುವಷ್ಟು ದೂರ, ಗಿಡದ ರೆಂಬೆ ರೆಂಬೆಗೂ ಬಿಳಿ ಹೂವಿನ ದಂಡೆ. ಭಾವ ಗಾಜು ಇಳಿಸಿದರು. ಮಲ್ಲಿಗೆಗೆ ಹತ್ತಿರದ ಆ ವಾಸನೆ ಗಾಡಿ ತುಂಬಿತು. ಸಿಜೆಯಲ್ಲಿ ಬರುವಾಗ ಈ ವಾಸನೆಗೆ ಯಾವಾಗಲೂ ಡೀಸೆಲ್ ಹೊಗೆಯ ಬೆರಕೆ ಇರುತ್ತಿತ್ತು. ಕಾಫಿ ಹೂವಿನ ವಾಸನೆಯೇ ಹಾಗೆ ಅಂದುಕೊಂಡಿದ್ದೆನೋ ಏನೋ.

ಭಾವ ಎಕ್ಸಲೇಟರಿನಿಂದ ಕಾಲು ತೆಗೆದರು. ಗಾಡಿ ತಾನೇ ತೆವಳತೊಡಗಿತು. ಆಗ ಕೇಳಿಸಿತು. ಮೊದಲು ಎಂಜಿನ್ನಿನದೇ ಸದ್ದು ಅಂದುಕೊಂಡೆ. ಭಾವನೂ ತಲೆ ವಾರೆ ಮಾಡಿ, "ಏನೋ ಬೇರಿಂಗ್ ಸದ್ದು ಬರ್ತಿದೆಯಲ್ಲ ಮಾರಾಯ" ಎಂದರು. ಬೇರಿಂಗಲ್ಲ, ಜೇನು. ಇಡೀ ತೋಟ ಒಂದೇ ಸ್ವರ ಹಿಡಿದು ಗುಂಯ್‌ಗುಡುತ್ತಿತ್ತು. ಅರೇಬಿಕಾ ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು, ಗಾಳಿಯೋ ಜೇನೋ ತರಬೇಕು. ಇದು ಪುಸ್ತಕದಲ್ಲಿ ಓದಿದ್ದು. ಆ ವ್ಯವಹಾರ ಇಷ್ಟು ಗಟ್ಟಿಯಾಗಿ ನಡೆಯುತ್ತದೆಂದು, ಓಡುತ್ತಿರುವ ಗಾಡಿಯೊಳಗೆ ಕೂತವನಿಗೂ ಕೇಳುತ್ತದೆಂದು ಯಾವ ಪುಸ್ತಕವೂ ಹೇಳಿರಲಿಲ್ಲ. ಇದೇ ಹೂವಿನ ನಡುವೆ ಭಾವ ಮೂವತ್ತು ನಲವತ್ತು ವರ್ಷ ಜೀಪು ಓಡಿಸಿದ್ದಾರೆ. ನಡೆದಾಡುವಾಗ ಕೇಳಿದ್ದಾರೆ, ಗಾಡಿಯಲ್ಲಿ ಕೂತು ಒಮ್ಮೆಯೂ ಕೇಳಿಲ್ಲ. "ಬೆಂಜ್ ಸದ್ದಲ್ಲಿ ಎಲ್ಲಿ ಕೇಳ್ಬೇಕು" ಎಂದು ನಕ್ಕರು. ಆಮೇಲೆ ಮನೆ ಬರುವವರೆಗೂ ಗಾಡಿಯನ್ನು ತೆವಳಿಸಿಕೊಂಡೇ ಹೋದರು.

ಗುಡ್ಡವನ್ನು ತಿಳಿಯಬೇಕಾದರೆ ಗಡಸು ಗಾಡಿಯೇ ಬೇಕು ಎನ್ನುವವರ ಮಾತಿನಲ್ಲಿ ಒಂದು ಮೋಸವಿದೆ ಎಂದು ನನಗನ್ನಿಸಿದ್ದು ಆಗ. ಅಂಥ ಗಾಡಿಯಲ್ಲಿ ನಮಗೆ ಚೆನ್ನಾಗಿ ತಿಳಿಯುವುದು ಗಾಡಿಯೇ. ಗುಡ್ಡ ಅದರ ಹಿಂದೆ ಎಲ್ಲೋ ಇರುತ್ತದೆ. ಚಿಕ್ಕಮಗಳೂರಿನ ತೋಟದ ಮಣ್ಣುರಸ್ತೆಗಳಲ್ಲಿ ರ‍್ಯಾಲಿ ಓಡಿಸುವವರನ್ನು ಕೇಳಿದರೆ ಇದನ್ನು ಒಪ್ಪಲಿಕ್ಕಿಲ್ಲ. ಒಳಗೆ ಕಬ್ಬಿಣದ ಪಂಜರ ಬೆಸೆದ ಜಿಪ್ಸಿಗಳು ಇಲ್ಲಿ ವರ್ಷಗಟ್ಟಲೆ ಧೂಳೆಬ್ಬಿಸಿವೆ. ಏಷ್ಯಾ ಪೆಸಿಫಿಕ್ ರ‍್ಯಾಲಿಯ ಸುತ್ತು 2016ರಲ್ಲಿ ಇಲ್ಲಿಗೆ ಬಂದಾಗ ಗೌರವ್ ಗಿಲ್ ಅವರ ಸ್ಕೋಡಾ ಫೇಬಿಯಾ ನೋಡಲು ಜನ ಕಾಫಿ ಗಿಡಗಳ ನಡುವೆ ನಿಂತಿದ್ದರು. ಅವರದು ಬೇರೆ ಸುಖ. ಅಲ್ಲಿ ಗಾಡಿಯನ್ನು ತಿಳಿಯುವುದೇ ಆಟ.

ಕೆಳಗೂರಿನ ಟೀ ತೋಟ ದಾಟಿ ಸುಂಕಸಾಲೆಯ ಕಡೆ ಬಂದಾಗ ಹೊಯ್ಸಳರ ಕಾಲದ ಬಲ್ಲಾಳರಾಯನದುರ್ಗದ ಗುಡ್ಡ ಮೋಡ ಹೊದ್ದಿತ್ತು. 2019ರ ಆಗಸ್ಟ್ ಮಳೆಯಲ್ಲಿ ಈ ಸೀಮೆಯ ಗುಡ್ಡಗಳು ಜರಿದು ಮಲೆಮನೆಯಂಥ ಊರುಗಳಲ್ಲಿ ಮನೆಗಳೇ ಹೋದವು. ಭಾವ ಆ ಕಡೆ ಕೈ ತೋರಿಸಿದರು, ಹೆಚ್ಚು ಮಾತಾಡಲಿಲ್ಲ. ಹಿರೇಬೈಲಿನ ಮೇಲೆ ಕಳಸ. ಕಳಸೇಶ್ವರನಿಗೆ ಮೊದಲ ಕರೆಯೋಲೆ ಒಪ್ಪಿಸಬೇಕಾಗಿತ್ತು, ದಾರಿಯಲ್ಲಿ ಒಂದು ಆಗಲೇ ಕೊಟ್ಟಾಗಿತ್ತು. "ದೇವ್ರು ಬೇಜಾರ್ ಮಾಡ್ಕಳಲ್ಲ ಬಿಡು" ಎಂದು ಭಾವ ಮೆಟ್ಟಿಲು ಹತ್ತಿದರು.

ಕೊನೆಯ ಮನೆ ಇದ್ದದ್ದು ಸಂಸೆಯ ಆಚೆ, ಬಾಳೆಗಲ್ಲಿನಿಂದ ಮುಳ್ಳೋಡಿಯ ಕಡೆಗೆ ಏರುವ ದಾರಿಯಲ್ಲಿ. ಕುದುರೆಮುಖ ಶಿಖರ ಹತ್ತುವವರನ್ನು ಅಲ್ಲಿಯ ಜೀಪುಗಳೇ ಒಯ್ಯುವುದು. ದಾರಿಯೆಂದರೆ ಕಲ್ಲು, ಗುಂಡಿ, ನೀರು ಕೊರೆದ ಓಣಿ. ಭಾವ ಚಿಕ್ಕ ಲಿವರ್ ಎಳೆದು ಲೋ ಗೇರಿಗೆ ಹಾಕಿದರು. ಅದೊಂದು ಲಿವರನ್ನು ಹೊಸ ಗಾಡಿಯಲ್ಲೂ ಬಿಟ್ಟಿರುವುದಕ್ಕೆ ಅವರಿಗೆ ಬಹಳ ಸಮಾಧಾನ. ಒಂದು ಕಡೆ ಎಡ ಮುಂಚಕ್ರ ಗಾಳಿಯಲ್ಲಿ ತೇಲಿತು. ಸಿಜೆಯಾಗಿದ್ದರೆ ಆ ಚಕ್ರ ಸುಮ್ಮನೆ ತಿರುಗುತ್ತ, ನಾವಿಳಿದು ಕಲ್ಲು ಕೊಡಬೇಕಾಗುತ್ತಿತ್ತು. ಥಾರ್ ಒಳಗಿಂದ ಟರ್‌ಟರ್ ಎಂದಿತು. ತಿರುಗುವ ಚಕ್ರಕ್ಕೆ ತಾನೇ ಬ್ರೇಕ್ ಹಾಕಿತು, ಬಲ ಇನ್ನೊಂದು ಬದಿಗೆ ಹೋಯಿತು, ಗಾಡಿ ಮೈ ಒದರಿ ಮೇಲೆ ಬಂತು. ಯಾರೂ ಇಳಿಯಲಿಲ್ಲ. ಭಾವ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

ಇನ್ನೂ ದೊಡ್ಡ ಅಚ್ಚರಿ ಇಳಿಯುವಾಗ. ಹಿಲ್ ಡಿಸೆಂಟ್ ಎಂಬ ಗುಂಡಿ ಒತ್ತಿದರೆ ಗಾಡಿ ನಾಲ್ಕು ಚಕ್ರಕ್ಕೂ ಬೇಕಾದಷ್ಟೇ ಬ್ರೇಕ್ ಹಂಚಿಕೊಂಡು ತಾನಾಗಿ ಇಳಿಯುತ್ತದೆ. ಡ್ರೈವರಿಗೆ ಉಳಿಯುವುದು ಸ್ಟೀರಿಂಗು ಮಾತ್ರ. ಭಾವನ ಬಲಗಾಲು ಬ್ರೇಕ್ ಪೆಡಲಿನ ಮೇಲೆ ಒಂದು ಅಂಗುಲ ಎತ್ತರದಲ್ಲಿ ನಡುಗುತ್ತ ನಿಂತಿತ್ತು. ಕೆಳಗಿಡಲು ಧೈರ್ಯವಿಲ್ಲ, ಒತ್ತಲು ಕಾರಣವಿಲ್ಲ. ಅರ್ಧ ದಾರಿಯ ಮೇಲೆ ಅವರು ಆ ಕಾಲನ್ನು ಮಡಚಿ ಸೀಟಿನ ಹತ್ತಿರ ಎಳೆದುಕೊಂಡರು. ಎದುರಿಗೆ ಇಡೀ ಕುದುರೆಮುಖದ ಸಾಲು ಬಿಸಿಲಿಗೆ ತೆರೆದುಕೊಂಡಿತ್ತು. ಇಳುಕಲಿನಲ್ಲಿ ಗಾಡಿ ಓಡಿಸುತ್ತಲೇ ಅವರು ಗುಡ್ಡ ನೋಡಿದ್ದು ಅದೇ ಮೊದಲಿರಬೇಕು. "ಅಲ್ಲಿ ನೋಡು, ಕಾಟಿ" ಎಂದು ಹುಲ್ಲಿನ ನಡುವೆ ಕಪ್ಪು ಚುಕ್ಕೆಗಳನ್ನು ತೋರಿಸಿದರು. ನನಗಿಂತ ಮುಂಚೆ ಕಂಡಿತ್ತು ಅವರಿಗೆ.

ಬಾಳೆಗಲ್ಲಿನಲ್ಲಿ ಜೀಪಿನ ಹುಡುಗರು ಗಾಡಿಯ ಸುತ್ತ ಸೇರಿದರು. ಒಬ್ಬ ಮಲಗಿ ಅಡಿ ನೋಡಿದ. "ಮುಂದೆ ಪಟ್ಟೆನೇ ಇಲ್ವಲ್ಲ ಗೌಡ್ರೆ, ಎಲ್ಲಾ ಸ್ಪ್ರಿಂಗು." ಇನ್ನೊಬ್ಬ ಬಾಗಿಲು ತೆಗೆದು ಹಾಕಿ, ಅದು ಮುಚ್ಚಿಕೊಳ್ಳುವ ಸದ್ದಿಗೆ ತಲೆದೂಗಿದ. ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಇದಕ್ಕೆ ನಾಲ್ಕು ಸ್ಟಾರ್ ಸಿಕ್ಕಿದೆ ಎಂದು ನಾನು ಹೇಳಿದ್ದು ಯಾರಿಗೂ ಮುಖ್ಯವಾಗಲಿಲ್ಲ. ಅವರಲ್ಲಿ ಹಿರಿಯ ಕೇಳಿದ್ದು ಒಂದೇ ಪ್ರಶ್ನೆ.

"ಎಷ್ಟ್ ಜನ ಹಿಡೀತಾರೆ?"

"ನಾಲ್ಕು."

"ನಮ್ದ್ರಲ್ಲಿ ಹತ್ತು. ಮೇಲೆ ಬ್ಯಾಗು ಬೇರೆ." ಅಲ್ಲಿಗೆ ಥಾರಿನ ಮಾತು ಮುಗಿಯಿತು. ಆಮೇಲೆ ಅವನು ನಿಜವಾದ ವಿಷಯಕ್ಕೆ ಬಂದ. "ಹಳೇ ಜೀಪು ಏನ್ ಮಾಡ್ತೀರಿ? ಮಟಡಾರ್ ಅಲ್ವಾ?"

"ಶೆಡ್ಡಲ್ಲಿದೆ. ಕೊಡೋದಾದ್ರೆ ಇಡೀ ಗಾಡಿ ಕೊಡೋದು."

"ಇಡೀ ಗಾಡಿ ನಂಗ್ಯಾಕೆ? ಎಂಜಿನ್ನು ನಂಗೆ, ಗೇರ್‌ಬಾಕ್ಸ್ ಇವ್ನಿಗೆ. ಹಿಂದಿನ ಆಕ್ಸೆಲ್ ಕಳಸದಲ್ಲಿ ಒಬ್ರಿಗೆ ಬೇಕು."

"ಬಿಡಿಸಿ ಕೊಡಲ್ಲ ಮಾರಾಯ. ಆಸೆಪಟ್ಟು ಮಾಡ್ಸಿದ ಗಾಡಿ ಅದು."

"ನೀವೂ ಬಿಡಿಬಿಡಿಯಾಗೇ ತಂದು ಜೋಡ್ಸಿದ್ದಲ್ವಾ ಗೌಡ್ರೆ?"

ಹುಡುಗರು ನಕ್ಕರು. ಭಾವನಿಗೂ ನಗು ತಡೆಯಲಿಲ್ಲ. ಕಿಸೆಯಿಂದ ಒಂದು ಕರೆಯೋಲೆ ತೆಗೆದು ಅವನ ಹೆಸರು ಕೇಳಿ ಬರೆದು ಕೈಗಿತ್ತರು. ಆಮೇಲೆ ಥಾರಿನ ಬಾನೆಟ್ಟಿಗೆ ಬೆನ್ನು ಕೊಟ್ಟು ನಿಂತು, "ಸರಿ, ಎಂಜಿನ್ನಿಗೆ ಎಷ್ಟು ಕೊಡ್ತೀಯ, ಅದನ್ನ ಮೊದ್ಲು ಹೇಳು" ಎಂದರು.