ಮೂರು ನಿಮಿಷದ ಮಾಗಡಿ ಕೆರೆ

ವಿಡಿಯೋ ಮಾಡೋದು ಅಂದ್ರ ಮೊಬೈಲ್ ಹಿಡಿದು ಗುಂಡಿ ಒತ್ತೋದು ಅಂತ ಭಾಳ ಮಂದಿ ತಿಳಕೊಂಡಾರ. ಒತ್ತೋದು ಸುಲಭ, ಆಮ್ಯಾಲೆ ಕತ್ತರಿಸೋದು ಕಷ್ಟ.

ನಮ್ಮ ಗುಂಪು ಆರಿಸಿಕೊಂಡ ವಿಷಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆ ತಲೆಯ ಹೆಬ್ಬಾತುಗಳು ಇಲ್ಲಿಗೆ ಬರುತ್ತವೆ. ಈ ಕೆರೆ ರಾಮ್ಸರ್ ಪಟ್ಟಿಗೆ ಸೇರಿತು. ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳಲ್ಲಿ ಒಂದಾಯಿತು. ನಾವು ಒಂದು ತಾಸಿನಷ್ಟು ಚಿತ್ರ ತೆಗೆದೆವು. ಸರ್ ಹೇಳಿದ್ದು 3 ನಿಮಿಷ!

ನೀರು ಇಟ್ಟೆವು, ಹಾರೋ ಹಕ್ಕಿ ಇಟ್ಟೆವು. ಆಮೇಲೆ ಹೊಲದ ಅಜ್ಜನ ಮಾತು ಬಂತು: “ಹಕ್ಕಿ ಚೆಂದ ಅದಾವ ಖರೆ. ರಾತ್ರಿ ಬಂದು ನನ್ನ ಬೆಳಿ ಮೇಯ್ತಾವಲ್ಲ, ಅದನ್ನ ಯಾರು ತೋರಸ್ತೀರಿ?”

ಗಾಳಿ ಸದ್ದು ಭಾಳ ಐತಿ, ತೆಗೀರಿ ಅಂತ ಒಬ್ಬ ಅಂದ. ಚೆಂದ ಕೆಡತೈತಿ ಅಂತ ಇನ್ನೊಬ್ಬಾಕಿ. ನಾನು ಬ್ಯಾಡ ಅಂದೆ. ಹಕ್ಕಿ ಹಗಲು ಕೆರ್‍ಯಾಗ ಇದ್ರ, ಉಣ್ಣೋದು ಹೊಲದಾಗ. ಅಜ್ಜನ ಮಾತು ತೆಗೆದರ ಅರ್ಧ ಕೆರೆ ತೆಗೆದಂಗ. ಕಡೀಕ ಸೂರ್ಯಾಸ್ತ ಬಿಟ್ಟು ಅಜ್ಜಗ 20 ಸೆಕೆಂಡ್ ಕೊಟ್ಟೆವು. ಮಾತು ತಿಳೀಲಿ ಅಂತ ಕೆಳಗ ಅಕ್ಷರ ಹಾಕಿದೆವು.

ಗೆಳೆಯರೇ, ಇನ್ನ ಮ್ಯಾಲೆ ಯಾವ ವಿಡಿಯೋ ನೋಡಿದ್ರೂ ಇದರಾಗ ಏನು ಬಿಟ್ಟಾರ ಅಂತ ಒಮ್ಮೆ ಕೇಳ್ರಿ.